ಬಜ್ಜಿಗೆ ಬಿಳಿ, ಹೋಳಿಗೆಗೆ ಕೆಂಪು

"ಸಾವ್ಕಾರ್ರ, ಆ ಚೀಲ ಕೆಳಗಿಡ್ರಿ," ಎಂದ ಕಂಡಕ್ಟರ್.

ಹಾಲಸಿದ್ದಪ್ಪ ಇಡಲಿಲ್ಲ. ಬಳ್ಳಾರಿಯಿಂದ ಸಿರುಗುಪ್ಪದವರೆಗೂ ಅದನ್ನು ಕೈಕೂಸಿನಂತೆ ತೊಡೆಯ ಮೇಲೆ ಕೂಡಿಸಿಕೊಂಡೇ ಬಂದ. ಒಳಗೇನೈತಿ ಎಂದವರಿಗೆಲ್ಲ ಬದನೆಕಾಯಿ ಎಂದ. ಬಸ್ಸು ಗುಂಡಿಗೆ ಬಿದ್ದಾಗೆಲ್ಲ ಬದನೆಕಾಯಿ ಟಣ್ ಎನ್ನುತ್ತಿತ್ತು. ಮನುಷ್ಯ ಅಕ್ಕಿ ಗಿರಣಿಯ ಮಾಲೀಕ, ಕೊರಳಲ್ಲಿ ಲಿಂಗ, ಹಣೆ ತುಂಬ ವಿಭೂತಿ. ಬದನೆಕಾಯಿಯ ಕೆಳಗೆ ಎರಡು ಬಾಟಲಿ ವೈನು, ಒಂದು ಬಿಳಿ, ಒಂದು ಕೆಂಪು. ಎಪ್ಪತ್ನಾಲ್ಕರ ಉಗಾದಿ ಹತ್ತಿರ ಬಂದಿತ್ತು.

ಮಾಡುವುದೇನು, ಮಗಳ ಮದುವೆಯ ಪ್ರಶ್ನೆ.

ಹಿರಿಯ ಮಗಳು ಸುವರ್ಣ ಕುರುಗೋಡಿನ ದೊಡ್ಡಬಸಪ್ಪನ ಮಗ ಎರ್ರಿಸ್ವಾಮಿಯನ್ನು ಒಪ್ಪಿದ್ದಳು. ಬಳ್ಳಾರಿಯ ಪಾರ್ವತಿನಗರದಲ್ಲಿ ರೂಮು ಮಾಡಿಕೊಂಡು ಓವರ್ಸಿಯರ್ ಕೆಲಸ ಮಾಡುತ್ತಿದ್ದ ಹುಡುಗ ಅವನು, ಅವನೂ ಒಪ್ಪಿದ್ದ. ಒಪ್ಪದವರು ಅಪ್ಪಂದಿರು. ಮದುವೆ ಸಿರುಗುಪ್ಪದಲ್ಲೇ ಎಂದು ಹಾಲಸಿದ್ದಪ್ಪ, ಕುರುಗೋಡಿನಲ್ಲೇ ಎಂದು ದೊಡ್ಡಬಸಪ್ಪ. ಎರಡು ಸಲ ಮಾತು ಮುರಿದಿತ್ತು. ಎರಡನೆಯ ಸಲವಂತೂ ಸಿಟ್ಟಿನಲ್ಲಿ ಒಬ್ಬರ ಚಪ್ಪಲಿ ಒಬ್ಬರು ಮೆಟ್ಟಿಕೊಂಡು ಹೊರಟಿದ್ದರು.

"ಈ ಸರ್ತಿನೂ ಮುರಿದ್ರ ನಾ ಮತ್ತ ಯಾರ ಮುಂದೂ ಕುಂದ್ರಂಗಿಲ್ಲ," ಎಂದುಬಿಟ್ಟಿದ್ದಳು ಸುವರ್ಣ. ಅಂದದ್ದನ್ನು ಮಾಡಿ ತೋರಿಸುವ ಹುಡುಗಿ, ಥೇಟ್ ಅಜ್ಜಿ.

ಆಗ ದಾರಿ ತೋರಿಸಿದವನು ಸಂಬಂಧ ಕೂಡಿಸುವ ಉಚ್ಚೆಂಗೆಪ್ಪ.

"ದೊಡ್ಡಬಸಪ್ನೋರಿಗೆ ಹಬ್ಬದ ಊಟಕ್ಕ ವೈನು ಬೇಕ್ರಿ. ಬಾಯಿಬಿಟ್ಟು ಕೇಳಂಗಿಲ್ಲ, ನಾಚಿಕಿ. ನೀವೇ ಹಾಕಬೇಕು. ಜೋಡಿಗೆ ನೀವೂ ಕುಡೀಬೇಕು, ಇಲ್ಲಂದ್ರ ಅವಮಾನ ಆತು ಅಂತಾರ."

"ನಾನೇನಲೇ?"

"ಬಜ್ಜಿ, ಚಿತ್ರಾನ್ನಕ್ಕ ಬಿಳೀದು, ತಣ್ಣಗಿರಬೇಕ್ರಿ. ಹೋಳಿಗಿ ತುಪ್ಪಕ್ಕ ಕೆಂಪು. ಅದಲು ಬದಲಾದ್ರ ಸಂಬಂಧ ಹೋತು."

ಉಚ್ಚೆಂಗೆಪ್ಪ ಹಿಂದೆ ಕಂಟೋನ್ಮೆಂಟಿನ ಬಂಗಲೆಯೊಂದರಲ್ಲಿ ಗುಲಾಬಿ ಗಿಡಗಳಿಗೆ ನೀರು ಹಾಕುತ್ತಿದ್ದ. ವೈನಿನ ವಿಷಯದಲ್ಲಿ ಅವನಿಗಿಂತ ದೊಡ್ಡ ಪಂಡಿತ ಸಿರುಗುಪ್ಪದಲ್ಲಿ ಸಿಗುವಂತಿರಲಿಲ್ಲ.

ಹಾಲಸಿದ್ದಪ್ಪನಿಗೆ ಹೆದರಿಕೆಯೆಲ್ಲ ತನ್ನ ತಾಯಿ ಚನ್ನವೀರಮ್ಮನದು. ಸೇಂದಿ ಕುಡಿದವರು ಆಕೆ ಕಟ್ಟೆಯ ಮೇಲೆ ಕೂತದ್ದು ಕಂಡರೆ ಓಣಿಯನ್ನೇ ಬದಲಿಸುತ್ತಿದ್ದರು. ಹಾಲಸಿದ್ದಪ್ಪ ಕೆಂಪು ಬಾಟಲಿಯನ್ನು ಭತ್ತದ ಚೀಲಗಳ ಹಿಂದೆ ಸರಿಸಿದ. ಬಿಳಿಯದನ್ನು ಕುಡಿಯುವ ನೀರಿನ ಮಣ್ಣಿನ ಅರವಿಯ ಕೆಳಗಿನ ಹಸಿ ಉಸುಕಿನಲ್ಲಿ ಹೂತ. ಹಬ್ಬದ ಬೆಳಿಗ್ಗೆ ನೋಡಿದರೆ ಉಸುಕಿಗೆ ಯಾರೋ ಹೊಸದಾಗಿ ನೀರು ಚಿಮುಕಿಸಿದ್ದರು. ಹೆಂಡತಿ ಇರಬೇಕು ಎಂದುಕೊಂಡ.

ಪುಣ್ಯಕ್ಕೆ ತಾಯಿಯೇ, "ಮೊಣಕಾಲು ನೋವು ಐತಿ, ನಾ ಪಡಸಾಲಿಗೆ ಬರಂಗಿಲ್ಲ," ಎಂದಳು. ಬಜ್ಜಿಯ ಮೆಣಸಿನಕಾಯಿಗಳನ್ನು ಮಾತ್ರ ಬೇರೆಯವರಿಗೆ ಬಿಡದೆ ತಾನೇ ಒಂದೊಂದಾಗಿ ಮೂಸಿ ಆರಿಸಿದಳು.

ದೊಡ್ಡಬಸಪ್ಪ ಮಗನನ್ನು ಕರೆದುಕೊಂಡು ಬಂದ. ಊಟಕ್ಕೆ ಕೂತರು. ಹುಡುಗನಿಗೆ ಒಳಗಿನಿಂದ ಮಜ್ಜಿಗೆ ಬಂತು. ಹಿರಿಯರ ಸ್ಟೀಲ್ ಲೋಟಗಳಿಗೆ ಹಾಲಸಿದ್ದಪ್ಪ ಬಿಳಿಯದನ್ನು ಸುರಿದ. ದೊಡ್ಡಬಸಪ್ಪ ಲೋಟ ನೋಡಿದ, ಬೀಗನನ್ನು ನೋಡಿದ, ಕಣ್ಣು ಮುಚ್ಚಿ ಎತ್ತಿದ.

"ಬಜ್ಜಿಗೆ ಕೂಡತೈತಿ," ಎಂದ.

"ಭಾಳ ಕೂಡತೈತಿ," ಎಂದ ಹಾಲಸಿದ್ದಪ್ಪ.

ಬಜ್ಜಿ ಕಚ್ಚಿದ ಇಬ್ಬರ ಕಣ್ಣಲ್ಲೂ ದಳದಳ ನೀರು. ಕುಡಿಯುವ ನೀರಿನ ತಂಬಿಗೆ ಅಂದು ಸುತ್ತಮುತ್ತ ಎಲ್ಲೂ ಕಾಣಲಿಲ್ಲ.

ಇಬ್ಬರದೂ ತಾಟು ತೊಳೆದು ಕುಡಿಯುವ ಮನೆತನ. ಬಡಿಸಿದ್ದೆಲ್ಲ ಪ್ರಸಾದ, ಒಂದು ಅಗುಳು, ಒಂದು ಹನಿ ಬಿಟ್ಟು ಏಳುವಂತಿಲ್ಲ. ಬೀಗರ ಲೋಟ ಖಾಲಿ ಬಿಡುವಂತೆಯೂ ಇಲ್ಲ. ಹೀಗಾಗಿ ದೊಡ್ಡಬಸಪ್ಪ ಬರಿದು ಮಾಡಿದಂತೆಲ್ಲ ಹಾಲಸಿದ್ದಪ್ಪ ತುಂಬಿದ, ಮರ್ಯಾದೆಗೆ ತನ್ನದನ್ನೂ ತುಂಬಿಕೊಂಡ, ತುಂಬಿದ ಮೇಲೆ ಕುಡಿದ.

"ಬೀಗರ ಲೋಟ ನೋಡಪಾ, ಪಾನಕ ಹಾಕು," ಎಂದಳು ಚನ್ನವೀರಮ್ಮ ಬಾಗಿಲ ಹಿಂದಿನಿಂದ.

ಪಾನಕ ಅಂದುಕೊಂಡಿದ್ದಾಳೆ, ಬದುಕಿದೆ ಎಂದು ಹಾಲಸಿದ್ದಪ್ಪ ಉಸಿರು ಬಿಟ್ಟ. ಹಾಕಿದ.

ಹೋಳಿಗೆ ಬಂತು, ಕೆಂಪು ಬಂತು. ಕೆಂಪು ಅರ್ಧ ಇಳಿಯುವಷ್ಟರಲ್ಲಿ ಹಾಲಸಿದ್ದಪ್ಪ ಬೀಗನ ಕೈ ಹಿಡಿದುಕೊಂಡ.

"ಮದುವಿ ಕುರುಗೋಡಿನಾಗ ಆಗಲಿ ಅಣ್ಣಾರ. ನಂದೇ ಹಟ ಆತು."

"ಎಲ್ಲೀದು ತಗೀರಿ. ಸಿರುಗುಪ್ಪದಾಗೇ ಆಗಬೇಕು. ಕುರುಗೋಡಂದ್ರ ನಾ ಎದ್ದು ಹೋಗತೀನಿ." ದೊಡ್ಡಬಸಪ್ಪ ಏಳಲು ನೋಡಿದ. ಆಗಲಿಲ್ಲ.

ನಿಮ್ಮೂರು, ಇಲ್ಲ ನಿಮ್ಮೂರು ಎಂದು ಮಾತಿಗೆ ಮಾತು ಬೆಳೆಯಿತು. ಸಂಬಂಧ ಮತ್ತೆ ಮುರಿಯುವ ಲಕ್ಷಣ ಕಂಡಿತು. ಅಡುಗೆಮನೆಯಲ್ಲಿ ಸುವರ್ಣ ಹೋಳಿಗೆಯನ್ನು ಹಂಚಿನ ಮೇಲೇ ಬಿಟ್ಟು ಅಜ್ಜಿಯ ಹಿಂದೆ ಬಂದು ನಿಂತಳು.

"ಬೀಗರು ಅಷ್ಟು ಹೇಳಾಕತ್ಯಾರ, ಸಿರುಗುಪ್ಪದಾಗೇ ಆಗಲಿ. ಈಗಲೇ ಎಲಿ ಅಡಿಕಿ ಹಿಡೀರಿ," ಎಂದಳು ಚನ್ನವೀರಮ್ಮ. ಬಾಗಿಲ ಸಂದಿಯಿಂದ ತಟ್ಟೆ ಹೊರಗೆ ಸರಿಯಿತು, ತಯಾರಾಗಿಯೇ ಇತ್ತು.

ಎಲೆ ಅಡಿಕೆ ಕೈ ಬದಲಾಯಿತು. ಅದಾದ ಮೇಲೆ ಮಾತು ತಿರುಗಿಸುವ ಪದ್ಧತಿ ಎರಡೂ ಮನೆಗಳಲ್ಲಿಲ್ಲ. ಸುವರ್ಣ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಸಂತೋಷಕ್ಕೆ ಅತ್ತಳು.

ಸಂಜೆಯ ಬಸ್ಸಿನಲ್ಲಿ ದೊಡ್ಡಬಸಪ್ಪ ಮಗನ ಹೆಗಲಿಗೆ ಒರಗಿದ. "ನಿಮ್ಮ ಮಾವ ಛಲೋ ಮನಷ್ಯಾ, ಅದೊಂದು ಚಟ ಬಿಟ್ರ. ಜೋಡಿಗೆ ಕುಡೀದಿದ್ರ ಅವಮಾನ ಅಂತಾರ ಅಂದಿದ್ದ ಉಚ್ಚೆಂಗೆಪ್ಪ. ಹುಟ್ಟಿದಾಗಿಂದ ಮುಟ್ಟಿದವನಲ್ಲಲೇ ನಾ."

ಅದೇ ಹೊತ್ತಿಗೆ ಸಿರುಗುಪ್ಪದಲ್ಲಿ ಹಾಲಸಿದ್ದಪ್ಪ, ತಲೆಗೆ ಒದ್ದೆ ಬಟ್ಟೆ ಕಟ್ಟಿಕೊಂಡು, ಬೀಗನ ಬಗ್ಗೆ ಹೆಂಡತಿಗೆ ಇದನ್ನೇ ಹೇಳುತ್ತಿದ್ದ.

ಮರುದಿನ ಹಿತ್ತಲ ಬಾಗಿಲಿಗೆ ಬಂದ ಉಚ್ಚೆಂಗೆಪ್ಪನ ಕೈಗೆ ಚನ್ನವೀರಮ್ಮ ಹೋಳಿಗೆಯ ಗಂಟು ಇಟ್ಟಳು.

"ಸಣ್ಣ ಮೊಮ್ಮಗಳಿಗೆ ಕರೂರಿನ ಗಂಡು ಐತಂತ, ಅವರಪ್ಪನೂ ನನ್ನ ಮಗನಂಗ ಮೊಂಡ. ಸುವರ್ಣನ ಸಂಬಂಧಕ್ಕ ನಾ ಹೇಳಿಕೊಟ್ಟಂಗೇ ಮತ್ತ ಇವ ಕುಡೀತಾನಂತ ಅವರಿಗೆ ಹೇಳು, ಅವರು ಕುಡೀತಾರಂತ ಇವನಿಗೆ ಹೇಳು. ನಾಗರ ಪಂಚಮಿ ಉಂಡಿಗೆ ಕೆಂಪೋ ಬಿಳೀದೋ, ಅದನ್ನಷ್ಟು ಕೇಳಿಕೊಂಡು ಬಾ."