ಹೊಳೆಯಾಚೆಗೆ ಹೇಳಬಾರದ ಪಾಠ

ಬೇಲಿ ಸಂದಿಯಲ್ಲಿ ಇಣುಕಿದ ಕೃಷಿ ಸಲಹೆಗಾರನ ಎದೆ ಧಸಕ್ಕೆಂದಿತು. ಹೊಲದ ತುಂಬ ಮೆಕ್ಕೆಜೋಳ, ಬೈತಲೆ ತೆಗೆದ ಹಾಗೆ ಸಾಲು ಸಾಲು! ಯಾವ ಊರಲ್ಲಿ ಇರಬಾರದಿತ್ತೋ ಅದೇ ಊರಲ್ಲಿತ್ತು.

ಯೋಜನೆ ಸರಳ. ಗಂಟು ಹಾಕಿದ ಹಗ್ಗ ಹಿಡಿದು ಸಾಲಾಗಿ ಬಿತ್ತುವುದನ್ನು ಹೊಳೆಯ ಈಚೆಯ ಊರಿಗೆ ಕಲಿಸಬೇಕು. ಆಚೆಯ ಊರಿಗೆ ಸುಳಿವೂ ಸಿಗಕೂಡದು. ಎರಡನ್ನೂ ಹೋಲಿಸಿದರಲ್ಲವೇ ಕಲಿಸಿದ್ದರ ಫಲ ತಿಳಿಯುವುದು? ಗುಟ್ಟು ರಟ್ಟಾದರೆ ಅವನ ಕೆಲಸ ಹೋದಂತೆಯೇ ಎಂದು ಮೇಲಿನವರು ಮೊದಲೇ ಹೇಳಿದ್ದರು. ಆಚೆಯ ಊರು ಹೆಂಡತಿಯ ತವರು ಬೇರೆ. ಪಾಪ, ಆ ಭಯಕ್ಕೆ ಅವನು ಮಾವನ ಮನೆ ಕಡೆ ತಲೆ ಹಾಕಿಯೂ ಮಲಗಿರಲಿಲ್ಲ.

ಈಚೆಯ ಊರಿನ ಕಥೆ ಕೇಳಲೇಬೇಡಿ. ಅಲ್ಲಿ ಮೈಕು ಹಿಡಿದು ಗಂಟಲು ಹರಿದುಕೊಂಡಿದ್ದ. ಜನ ತಲೆಯಾಡಿಸಿದರು, ಬಿಸ್ಕತ್ತು ತಿಂದರು, ಕೊಟ್ಟ ಹಗ್ಗದಲ್ಲಿ ಎಮ್ಮೆ ಕಟ್ಟಿದರು.

"ಯಾರೋ ಬಾಯಿ ಬಿಟ್ಟಿದ್ದಾರೆ ಕಣೇ! ಸಿಕ್ಲಿ, ಚರ್ಮ ಸುಲೀತೀನಿ," ಎಂದು ಮನೆಗೆ ಬಂದು ಹಾರಾಡಿದ.

"ದಿನಾ ಮನೇಲಿ ಭಾಷಣ ಅಭ್ಯಾಸ ಮಾಡ್ತೀರಲ್ಲ, ಗೋಡೆಗೂ ಬಾಯಿಪಾಠ ಆಗಿದೆ," ಎಂದಳು ಹೆಂಡತಿ.

"ಗೋಡೆ ಹೋಗಿ ಹೇಳತ್ತೇನೇ? ಬೇಸಾಯದ ವಿಷಯ ನಿಂಗೇನು ಗೊತ್ತು, ಸುಮ್ನಿರು."

ಅವಳು ಚೀಲ ಹೆಗಲಿಗೇರಿಸಿ, ಎಂದಿನಂತೆ ಅಮ್ಮನನ್ನು ನೋಡಿಕೊಂಡು ಬರುತ್ತೇನೆಂದು ಹೊರಟೇ ಹೋದಳು.

ಮರುದಿನ ಯೋಜನೆಯ ಫಲ ಅಳೆಯಲು ಮೇಲಿನ ಕಚೇರಿಯಿಂದ ಮೌಲ್ಯಮಾಪನದ ಮೇಡಂ ಬಂದರು. ಈಚೆಯ ಊರನ್ನು ಒಂದು ಸುತ್ತು ನೋಡಿದರು. ಆಚೆಯ ಊರಿನ ಹೊಲದಲ್ಲಿ ಸಾಲುಗಳ ನಡುವೆ ಬಹಳ ಹೊತ್ತು ಓಡಾಡಿದರು. ಅವನು ಹಿಂದೆ ಹಿಂದೆಯೇ ಸುತ್ತಿದ.

"ಇವರಿಗೆ ಕಲಿಸಿದ್ದು ನೀವೇನಾ?"

"ಅಯ್ಯೋ, ಇಲ್ಲ ಮೇಡಂ! ತಾಯಾಣೆಗೂ ಈ ಊರಲ್ಲಿ ತುಟಿ ಪಿಟಕ್ ಅಂದಿಲ್ಲ."

"ಯೋಚ್ನೆ ಮಾಡಿ ಹೇಳಿ."

"ಯೋಚ್ನೆ ಯಾಕೆ ಮೇಡಂ? ನಂಗೂ ಇದಕ್ಕೂ ಸಂಬಂಧಾನೇ ಇಲ್ಲ. ಯಾರೇ ಆಗ್ಲಿ, ಅವರನ್ನ ನೀವು ಸುಮ್ನೆ ಬಿಡಬಾರ್ದು!"

"ಖಂಡಿತ ಬಿಡಲ್ಲ," ಎಂದರು ಮೇಡಂ.

ಹೊಲದ ಬದುವಿನಲ್ಲಿ ನಿಂತಿದ್ದ ಬಾಮೈದನಿಗೆ ನಗು ತಡೆಯಲಾಗಲಿಲ್ಲ. "ಭಾವ, ನಮ್ಮಕ್ಕನೇ ಕಲಿಸಿದ್ದು. ಮೈಕಿಲ್ಲ, ಭಾಷಣ ಇಲ್ಲ. ಹೊಲಕ್ಕಿಳಿದು ನಮ್ ಜೊತೆ ಬಿತ್ತಿ ತೋರಿಸಿದ್ಲು, ಅಷ್ಟೇ."

ಸಲಹೆಗಾರ ಹೆಂಡತಿಯನ್ನು ಮನಸ್ಸಿನಲ್ಲೇ ಬೈದುಕೊಂಡ. ಕೈ ಮುಗಿದು, "ಮೇಡಂ, ಅವಳದ್ದೇ ತಪ್ಪು, ನನ್ ಕೆಲಸ ಮಾತ್ರ..." ಎಂದ.

"ಗುಟ್ಟು ರಟ್ಟಾದ್ರೂ ಜನ ಕಲಿತ್ರಲ್ಲ, ಅದೇ ಮುಖ್ಯ. ಕಲಿಸಿದ್ದು ನೀವೇ ಅಂದಿದ್ರೆ ನಿಮ್ಮನ್ನೇ ಉಳಿಸ್ಕೋತಿದ್ದೆ ಕಣ್ರೀ," ಎಂದರು ಮೇಡಂ, "ಸೋಮವಾರದಿಂದ ನಿಮ್ಮ ಜಾಗಕ್ಕೆ ನಿಮ್ಮ ಮನೆಯವರನ್ನ ಕಳಿಸಿ."