ಜಾರುವ ಚೀಟಿ

"ಕಣ್ಣು ಮುಚ್ಚು. ಬೆರಳಿಗೆ ಜಾರುದು ಯಾವುದು, ಅದನ್ನು ತೆಗಿ."

ಐದು ವರ್ಷದ ನಿಧಿ ಸ್ಟೀಲ್ ಡಬ್ಬಿಯೊಳಗೆ ಕೈ ಇಳಿಬಿಟ್ಟಳು. ಕಾಗದದ ಸುರುಳಿಗಳನ್ನು ಒಂದೊಂದಾಗಿ ತಡವಿ, ಕೊನೆಗೆ ಒಂದನ್ನು ಎತ್ತಿ ಹಿಡಿದಳು. ಅಮ್ಮ ಸುಗಂಧಿ ಬಿಡಿಸಿ ನೋಡಿದಳು. ತನ್ನದೇ ಹೆಸರು. ಆ ಸುರುಳಿಗೆ ಮಾತ್ರ ಅವಳು ಮೇಣದಬತ್ತಿ ಉಜ್ಜಿದ್ದಳು. ಕಣ್ಣಿಗೆ ಕಾಣದು, ಬೆರಳಿಗೆ ತಿಳಿಯುತ್ತದೆ.

ಬಹುಮಾನವಾಗಿ ಅರ್ಧ ಚಾಕಲೇಟು ಕೊಟ್ಟು, ಉಳಿದರ್ಧವನ್ನು ಮರುದಿನಕ್ಕೆಂದು ಫ್ರಿಜ್ಜಿನಲ್ಲಿಟ್ಟಳು. ಮೊದಮೊದಲು ತಪ್ಪು ತೆಗೆದಾಗಲೆಲ್ಲ ಬೆರಳ ಮೇಲೆ ಸ್ಕೇಲಿನ ಏಟು ಬೀಳುತ್ತಿತ್ತು. ಈಚೆಗೆ ಹುಡುಗಿ ಒಮ್ಮೆಯೂ ತಪ್ಪಿರಲಿಲ್ಲ.

ಕೊಲ್ಲಿ ದೇಶದ ಬ್ನೇದ್ ಅಲ್ ಗಾರ್‌ನ ಆ ಕಟ್ಟಡದ ಕನ್ನಡದವರೆಲ್ಲ ಸೇರಿ ಹಾಕುವ ಚೀಟಿಗೆ ಸುಗಂಧಿಯೇ ಯಜಮಾನಿ. ತಿಂಗಳ ಮೊದಲ ಶುಕ್ರವಾರ ಎಲ್ಲರೂ ದಿನಾರು ತಂದು ಅವಳ ಕೈಗೆ ಕೊಡುತ್ತಾರೆ. ಹೆಸರು ಬಂದವರಿಗೆ ಇಡೀ ಗಂಟು. ಎತ್ತುವುದು ಮಾತ್ರ ಮಗುವಿನ ಕೈಯಿಂದ. ಮಗುವಿಗೆ ಮೋಸ ಗೊತ್ತಿಲ್ಲ ಎಂದು ಎಲ್ಲರ ನಂಬಿಕೆ. ಕಲಿಸಿದರೆ ಮಗುವೂ ಕಲಿಯುತ್ತದೆ ಎಂಬುದು ಆ ಭೋಳೆ ಜನರಿಗೆ ಹೊಳೆದಿರಲಿಲ್ಲ.

ಈ ಸಲದ ಗಂಟು ಅವಳಿಗೆ ಬೇಕೇ ಬೇಕಿತ್ತು. ಶುಐಬಾದ ಕಾರ್ಖಾನೆಯ ಕೆಲಸ ಕಳೆದುಕೊಂಡು ಅಲೆಯುತ್ತಿದ್ದ ಗಂಡ ಪುರಂದರನಿಗೆ ಹೊಸ ಕಫೀಲ್, ಅಂದರೆ ವೀಸಾ ಕೊಡುವ ಧಣಿ, ಸಿಕ್ಕಿದ್ದ. ವೀಸಾ ಬದಲಿಸಿಕೊಡಲು ನಡುವಿನ ಏಜೆಂಟ್ ಕೇಳಿದ್ದು ಹೆಚ್ಚುಕಡಿಮೆ ಆ ಗಂಟಿನಷ್ಟೇ ಹಣ. ಕೊಡದಿದ್ದರೆ ತಿಂಗಳ ಕೊನೆಗೆ ಪುರಂದರನ ಇಕಾಮಾ, ಇಲ್ಲಿ ನೆಲೆಸುವ ಪರವಾನಗಿ, ಖಲಾಸ್. ಅಪ್ಪನ ಇಕಾಮಾದ ಮೇಲೆ ಇಲ್ಲಿರುವ ನಿಧಿಯೂ ಅವನ ಜೊತೆ ಊರಿನ ವಿಮಾನ ಹತ್ತಬೇಕು. ಸುಗಂಧಿ ಮಾತ್ರ ತನ್ನದೇ ವೀಸಾದಲ್ಲಿ ರಾಯ್ ಬಡಾವಣೆಯ ಫರ್ನಿಚರ್ ಶೋರೂಮಿನಲ್ಲಿ ಅಕೌಂಟೆಂಟ್ ಆಗಿದ್ದಳು. ಊರಲ್ಲಿ ಕಟ್ಟಿಸಿದ ಮನೆಯ ಸಾಲ ತೀರುವ ತನಕ ಅಲುಗಾಡುವಂತಿರಲಿಲ್ಲ. ಮಗಳಿಲ್ಲದ ಮನೆಯನ್ನು ನೆನೆಯಲೂ ಅವಳಿಂದಾಗುತ್ತಿರಲಿಲ್ಲ.

ಸಂಸಾರ ತೂಗಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಹಾಲಿಗೆ ಎಷ್ಟು ನೀರು, ಕ್ರೇಯಾನು ಎಷ್ಟು ಮೋಟಾದ ಮೇಲೆ ಹೊಸದು, ಎಲ್ಲಕ್ಕೂ ಲೆಕ್ಕ. ಹುಟ್ಟುಹಬ್ಬಕ್ಕೆ ಯಾರೋ ಕೊಟ್ಟ ಗೊಂಬೆಯನ್ನು ಪೆಟ್ಟಿಗೆ ಬಿಚ್ಚಲು ಬಿಡದೆ ಅಂಗಡಿಗೆ ವಾಪಸು ಕೊಟ್ಟು, ಹಾಲಿನ ಪುಡಿಯ ಡಬ್ಬಿ ತಂದಿದ್ದಳು. ನಿಧಿ ಅಂದು ಅತ್ತು ಅತ್ತು ಅಪ್ಪನ ತೊಡೆಯ ಮೇಲೆ ನಿದ್ದೆಹೋದಳು. ಎಲ್ಲವೂ ಮಗಳಿಗಾಗಿಯೇ. ಅದನ್ನು ಮಗಳಿಗೆ ಬಿಡಿಸಿ ಹೇಳಲು ಮಾತ್ರ ಸುಗಂಧಿಗೆ ಪುರುಸೊತ್ತಿರಲಿಲ್ಲ.

ಗುರುವಾರ ಸಂಜೆ ಎದುರು ಫ್ಲಾಟಿನ ಸರಸಮ್ಮನ ಮನೆಯಿಂದ ಮಗಳನ್ನು ಕರೆತರಲು ಹೋದಳು. ಸ್ಕೂಲು ಬಿಟ್ಟ ಮೇಲೆ ನಿಧಿಯನ್ನು ನೋಡಿಕೊಳ್ಳುವವಳು ಸರಸಮ್ಮನೇ.

"ನಿಮ್ ಮಗು ಕಣ್ ಮುಚ್ಕೊಂಡು ಕಾಗ್ದ ಆರ್ಸೋ ಆಟ ಆಡ್ತದೆ ಕಣವ್ವ," ಎಂದು ಸರಸಮ್ಮ ನಕ್ಕಳು. "ಅದೇನ್ ಆಟವೋ ಕಾಣೆ. ಈ ಸಲನಾದ್ರೂ ನಮ್ ಹೆಸ್ರು ಬಂದ್ರೆ ನಮ್ಮನೆಯವ್ರ ಕಣ್ಣಿನ ಆಪರೇಶನ್ ಆಗೋಯ್ತದೆ."

ಸುಗಂಧಿ ಮಗಳ ಕೈ ಹಿಡಿದು ಬೇಗನೆ ಹೊರಬಿದ್ದಳು. ಈ ಹೆಂಗಸಿಗೆ ಎಷ್ಟು ಗೊತ್ತು?

ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಾಗ ನಿಧಿ ಬಂದು ನಿಂತಳು.

"ಸ್ಲಿಪರಿ ಒನ್ ಬರದಿದ್ರೆ ಎಂತ ಆಗ್ತದೆ ಮಮ್ಮಾ?"

"ನೀನೂ ಪಪ್ಪನೂ ಊರಿಗೆ ಹೋಗ್ಬೇಕಾಗ್ತದೆ."

"ಆ್ಯಂಡ್ ಯೂ?"

"ನಾನು ಇಲ್ಲೇ. ಮತ್ತೆ ಎಷ್ಟು ಕೂಗಿದ್ರೂ ನಾನು ಬರುದಿಲ್ಲ, ನೆನಪಿಟ್ಕೋ."

ನಿಧಿ ತನ್ನ ಬೆರಳುಗಳನ್ನು ಮಡಚಿ, ಬಿಡಿಸಿ ನೋಡಿಕೊಂಡಳು. ಹೆದರಿದಳು ಎಂದುಕೊಂಡಳು ಸುಗಂಧಿ. ಹೆದರಲಿ. ಹೆದರಿದ ಕೈ ಸರಿಯಾಗಿ ಹುಡುಕುತ್ತದೆ.

ಶುಕ್ರವಾರ ಹಾಲ್ ತುಂಬ ಜನ. ಚಹಾ, ಗೋಳಿಬಜೆ, ಊರಿನ ಸುದ್ದಿ. ಸುಗಂಧಿ ಎಲ್ಲರೆದುರು ಡಬ್ಬಿ ಕುಲುಕಿ ಮಗಳ ಮುಂದಿಟ್ಟಳು. ನಿಧಿ ಕಣ್ಣು ಮುಚ್ಚಿ ಕೈ ಹಾಕಿದಳು. ಬೆರಳುಗಳು ಆಡಿದವು, ಥಟ್ಟನೆ ನಿಂತವು. ಸಿಕ್ಕಿತು ಎಂದುಕೊಂಡಳು ಸುಗಂಧಿ. ಬೆರಳುಗಳು ಮತ್ತೆ ಆಡತೊಡಗಿದವು.

ಸುರುಳಿ ಬಿಡಿಸಿದವರು ಓದಿದರು: "ಸರಸಮ್ಮ!"

ಸರಸಮ್ಮ ಅಳುತ್ತಾ ಬಂದು ನಿಧಿಯ ಕೈಗೆ ಮುತ್ತಿಟ್ಟಳು. ಸುಗಂಧಿ ತಾನೇ ನೋಟು ಎಣಿಸಿ, ತಾನೇ ಆ ಹೆಂಗಸಿನ ಕೈಯಲ್ಲಿಟ್ಟು, ಹಲ್ಲು ಕಿರಿಯಬೇಕಾಯಿತು. ಜಗಳ ತೆಗೆದರೆ ತನ್ನ ಮೇಣವೇ ಹೊರಬೀಳುತ್ತದೆ.

ಕೊನೆಯ ಚಪ್ಪಲಿ ಮೆಟ್ಟಿಲಿಳಿದದ್ದೇ ಬಾಗಿಲು ಹಾಕಿ ಮಗಳ ರಟ್ಟೆ ಹಿಡಿದಳು.

"ಆ ಸರಸಮ್ಮ ಆಂಟಿ ಎಂತ ಹೇಳಿಕೊಟ್ಟದ್ದು? ಎಂತ ತಿನ್ಲಿಕ್ಕೆ ಕೊಟ್ಟದ್ದು ನಿಂಗೆ?"

"ನಥಿಂಗ್."

"ಸುಳ್ಳು!" ಕೆನ್ನೆಗೆ ಒಂದು ಬಿತ್ತು. ಇನ್ನೊಂದು ಬೀಳುವುದರೊಳಗೆ ಪುರಂದರ ಅವಳ ಕೈ ಹಿಡಿದ.

"ಬಿಡು ಮಾರಾಯ್ತಿ, ಸಣ್ಣ ಮಗು ಅದು. ಕೈಗೆ ಸಿಕ್ಕಿರ್ಲಿಕ್ಕಿಲ್ಲ."

"ದಿನಾ ಸಿಗ್ತಿತ್ತು, ಇವತ್ತು ಸಿಗ್ಲಿಲ್ವಾ? ಹೇಳು, ಸಿಗ್ಲಿಲ್ವಾ ನಿಂಗೆ?"

ನಿಧಿ ಅಪ್ಪನ ಹಿಂದೆ ಸರಿದು, ಅವನ ಕಾಲನ್ನು ಎರಡೂ ಕೈಯಲ್ಲಿ ಬಿಗಿಯಾಗಿ ತಬ್ಬಿಕೊಂಡಳು.

"ಫಸ್ಟೇ ಸಿಕ್ಕಿತ್ತು. ನಾನೇ ಬಿಟ್ಟೆ. ನೀನು ಊರಿಗೆ ಬರುದೇ ಇಲ್ಲ ಅಂತ ಹೇಳಿದ್ದು ನಿಜ ಅಲ್ವಾ ಮಮ್ಮಾ?"