ಹೆಸರು ಕೇಳಿ ಪಡೆದವಳು

ತುಪ್ಪ ಸೀದ ವಾಸನೆ ಬಂದರೆ ಇಂದಿಗೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ.

ತೊಂಬತ್ತರ ದಶಕ, ದೋಹಾದ ಮದೀನತ್ ಖಲೀಫಾ ಬಡಾವಣೆ, ಶುಕ್ರವಾರ ಮಧ್ಯಾಹ್ನ. ಬೆಳಗಿನಿಂದ ಅಡುಗೆಮನೆಯಲ್ಲೇ ಇದ್ದ ಅವ್ವ ಐರ್ಲೆಂಡಿನ ಬೆಣ್ಣೆ ಕಾಸುತ್ತಿದ್ದಳು. ಒಳಗೆ ಬಂದ ಪಕ್ಕದ ಮನೆಯ ಐರಿಶ್ ನರ್ಸ್ ಬೆಣ್ಣೆ ಸುತ್ತಿದ್ದ ಕಾಗದ ನೋಡಿ ಹಿಗ್ಗಿದಳು. ಅವರ ಭಾಷೆಯಲ್ಲಿ ದೇಶ ‘ಏರ’, ದೇಶದ ಎನ್ನುವಾಗ ‘ಏರನ್’, ದೇಶದಲ್ಲಿ ಎನ್ನುವಾಗ ‘ಏರಿನ್’ ಅಂತೆ. ಅದೊಬ್ಬ ದೇವತೆಯ ಹೆಸರಂತೆ. ನೆಲ ಗೆದ್ದವರಿಂದ, ಇದಕ್ಕೆ ನನ್ನ ಹೆಸರೇ ಇರಲಿ ಎಂದು ಕೇಳಿ ಪಡೆದಳಂತೆ. ಎಲ್ಲವನ್ನೂ ನಾನು ಅವ್ವನಿಗೆ ಕನ್ನಡದಲ್ಲಿ ಹೇಳಿದೆ.

“ಆಕೀನೇ ಬಾಯಿಬಿಟ್ಟು ಕೇಳಿದ್ಲಾ?” ಅವ್ವ ಸೌಟು ಹಿಡಿದು ನಿಂತೇಬಿಟ್ಟಳು.

ನರ್ಸ್ ಅವ್ವನ ಹೆಸರು ಕೇಳಿದಳು. ಅವ್ವ ಬಾಯಿ ತೆರೆಯುವಷ್ಟರಲ್ಲಿ ಹಾಲ್‌ನಿಂದ ಅಪ್ಪನೇ ಕೂಗಿ ಹೇಳಿದ: “ಮಿಸೆಸ್ ಪಾಟೀಲ್!”

ಅವ್ವ ಒಲೆಯತ್ತ ತಿರುಗಿದಳು. ತುಪ್ಪ ಕಂದಾಯಿತು, ಕರ್ರಗಾಯಿತು, ಹೊಗೆಯೆದ್ದಿತು. ಒಲೆ ಆರಿಸುವ ಗುಂಡಿ ಅವಳ ಕೈಗೆಟುಕುವಂತೆಯೇ ಇತ್ತು.